ಆಸ್ಪತ್ರೆ ಬಾಗಿಲವರೆಗೆ ಬಂದ ಹುಡುಗರು

ಅತ್ತೆಗೆ ಹುಷಾರಿಲ್ಲ ಅಂತ ಕಾರವಾರದ ಆಸ್ಪತ್ರೆಯಲ್ಲಿ ಉಳಿದಿದ್ದ ರಾತ್ರಿ ಅದು. ಹನ್ನೊಂದು ದಾಟಿತ್ತು. ಬಾಟಲಿಗೆ ನೀರು ತುಂಬಿಸಲು ಕೆಳಗೆ ಬಂದಿದ್ದೆ. ಅಷ್ಟರಲ್ಲಿ ಒಂದು ಗೂಡ್ಸ್ ರಿಕ್ಷಾ ಗೇಟಿನೊಳಗೆ ನುಗ್ಗಿತು. ಹಿಂದೆ ಮೀನಿನ ಖಾಲಿ ಕ್ರೇಟುಗಳ ನಡುವೆ ಒಬ್ಬ ಗಂಡಸು ಮಲಗಿದ್ದ. ತಲೆಗೆ ಯಾರದೋ ಟೀ ಶರ್ಟ್ ಬಿಗಿಯಾಗಿ ಸುತ್ತಿತ್ತು, ಅದರ ತುಂಬ ರಕ್ತ. ಮೂವರು ಹುಡುಗರು ಅವನನ್ನು ಎತ್ತಿ ಸ್ಟ್ರೆಚರಿನ ಮೇಲೆ ಮಲಗಿಸಿದರು. ಅವರಲ್ಲೊಬ್ಬನ ಮೈಮೇಲೆ ಅಂಗಿ ಇರಲಿಲ್ಲ. ‘ಬಿಣಗಾ ಹತ್ರ ಬೈಕ್ ಸ್ಕಿಡ್ ಆಗಿ ಬಿದ್ದಿದ್ರು, ಮಾತಾಡ್ತಾ ಇದ್ರು, ಈಗ ಮಾತು ನಿಂತಿದೆ’ ಅಂತ ಅವನು ನರ್ಸಿಗೆ ಹೇಳಿದ. ನರ್ಸ್ ರಿಜಿಸ್ಟರ್ ತೆಗೆದು ‘ಕರ್ಕೊಂಡು ಬಂದವ್ರ ಹೆಸರು?’ ಅಂದರು. ಮೂವರೂ ಮುಖ ಮುಖ ನೋಡಿಕೊಂಡರು. ಆಗ ಅಂಗಿಯಿಲ್ಲದ ಹುಡುಗ ನನ್ನನ್ನು ಕಂಡ. ನನ್ನ ಹಳೆಯ ವಿದ್ಯಾರ್ಥಿ ಅವನು. ಎಸ್ಸೆಸ್ಸೆಲ್ಸಿ ಮುಗಿಸಿ ಬೈತಖೋಲ್ ಬಂದರಿನಲ್ಲಿ ಮೀನು ಹಿಡಿಯುವ ಪರ್ಸೀನ್ ಬೋಟಿಗೆ ಹೋಗುತ್ತಿದ್ದ. ಹತ್ತಿರ ಬಂದು ‘ಅಕ್ಕೋರೇ, ನಮ್ಮ ಹೆಸರು ಹೇಳ್ಬೇಡಿ, ಪೊಲೀಸ್ರು ಬರ್ತಾರೆ’ ಅಂದ. ನಾನು ಬಾಯಿ ತೆರೆಯುವುದರೊಳಗೆ ರಿಕ್ಷಾ ತಿರುಗಿಸಿಕೊಂಡು ಹೋಗಿಯೇ ಬಿಟ್ಟರು.

ಗಾಯಗೊಂಡವರು ಬದುಕಿದರು. ಅವರ ಮನೆಯವರು ಮರುದಿನ ಕಂಡಕಂಡವರನ್ನೆಲ್ಲ ಕೇಳುತ್ತಿದ್ದರು, ಕರೆತಂದ ಪುಣ್ಯಾತ್ಮರು ಯಾರು ಅಂತ. ನನಗೆ ಗೊತ್ತಿತ್ತು. ಹೇಳಲಿಲ್ಲ. ಆ ಹುಡುಗನಿಗೆ ಆ ಮಾತು ಎಷ್ಟು ಮುಖ್ಯ ಅಂತ ಅವನ ಕಣ್ಣಲ್ಲೇ ಕಂಡಿದ್ದೆ. ಅವತ್ತಿನಿಂದ ಇದು ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ತಪ್ಪು ಮಾಡಿದವನು ಪೊಲೀಸರಿಗೆ ಹೆದರುತ್ತಾನೆ, ಸರಿ. ಒಂದು ಜೀವ ಉಳಿಸಿದ ಹುಡುಗ ಯಾಕೆ ಕಳ್ಳನ ಹಾಗೆ ಕತ್ತಲಲ್ಲಿ ಓಡಬೇಕು?

ಹೆಸರು ಬರೆಸುವ ಭಯ

ಕೆಲವು ದಿನ ಬಿಟ್ಟು ಅವನನ್ನೇ ಕೇಳಿದೆ. ಬಂದರಿನಲ್ಲಿ ಐಸ್ ತುಂಬುವ ಕಡೆ ಸಿಕ್ಕಿದ್ದ. ಮೊದಲು ನಕ್ಕು ತಪ್ಪಿಸಿಕೊಂಡ. ಆಮೇಲೆ ನಿಧಾನಕ್ಕೆ ಹೇಳಿದ. ‘ನಾವೇ ಗುದ್ದಿದ್ವಿ ಅಂದ್ರೆ ಏನು ಮಾಡೋದು ಅಕ್ಕೋರೇ? ಸಾಕ್ಷಿ ಅಂತ ಕೋರ್ಟಿಗೆ ಎಷ್ಟು ಸಲ ಹೋಗ್ಬೇಕು? ಬೋಟಿನವ್ರು ರಜೆ ಕೊಡ್ತಾರಾ?’ ಜೊತೆಗಿದ್ದ ಇನ್ನೊಬ್ಬ ಹುಡುಗ ಸೀಬರ್ಡ್ ನೌಕಾನೆಲೆಯ ಒಳಗೆ ಕಂತ್ರಾಟು ಕೆಲಸಕ್ಕೆ ಸೇರಲು ಕಾಯುತ್ತಿದ್ದನಂತೆ. ಅಲ್ಲಿನ ಗೇಟ್ ಪಾಸ್ ಬೇಕೆಂದರೆ ಪೊಲೀಸ್ ವೆರಿಫಿಕೇಶನ್ ಆಗಬೇಕು. ಸ್ಟೇಶನ್ನಿನ ಯಾವ ಪುಸ್ತಕದಲ್ಲಿ ಯಾವ ಕಾರಣಕ್ಕೆ ಹೆಸರು ಬಂದರೂ ಪಾಸ್ ಹೋಯಿತು ಅಂತ ಅವರ ನಂಬಿಕೆ. ಹಡಗಿನ ಕೆಲಸಕ್ಕೆ, ಗಲ್ಫಿಗೆ ಹೋಗುವವರಿಗೂ ಇದೇ ಭಯ. ನಮ್ಮ ಕಾರವಾರದಲ್ಲಿ ಒಳ್ಳೆಯ ಸಂಬಳದ ಕೆಲಸ ಅಂದರೆ ಹೆಚ್ಚುಕಮ್ಮಿ ಇವೇ ಅಲ್ವಾ? ಹಾಗಾಗಿ ಪೊಲೀಸರಿಂದ ದೂರ ಇರುವುದೇ ಇಲ್ಲಿನ ಹುಡುಗರಿಗೆ ಹೊಟ್ಟೆಪಾಡಿನ ಲೆಕ್ಕಾಚಾರ ಆಗಿಬಿಟ್ಟಿದೆ.

ಕಾನೂನು ಅವರ ಪರವಾಗಿದೆ. ಅಪಘಾತದಲ್ಲಿ ನೆರವಾದವರನ್ನು ಕಾಪಾಡುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಅಂತ ಒಂದು ಕಲಂ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ತಂದವರು ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. ಸಾಕ್ಷಿಯಾಗಿ ಬನ್ನಿ ಅಂತ ಬಲವಂತ ಮಾಡುವ ಹಾಗೂ ಇಲ್ಲ. ನಮ್ಮ ರಾಜ್ಯ ಇದಕ್ಕೆಂದೇ ಬೇರೆ ಕಾನೂನನ್ನೂ ಮಾಡಿಕೊಂಡಿದೆ. ತಕ್ಷಣ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ ಕೇಂದ್ರ ಸರಕಾರ ಕೊಡುತ್ತಿದ್ದ 5,000 ರೂಪಾಯಿ ಬಹುಮಾನ 2025ರಲ್ಲಿ 25,000 ಆಗಿದೆ. ಇದನ್ನೆಲ್ಲ ಆ ಹುಡುಗನಿಗೆ ಐಸ್ ಪುಡಿಯ ಪಕ್ಕದಲ್ಲೇ ನಿಂತು ವಿವರಿಸಿದೆ. ಗಮನವಿಟ್ಟು ಕೇಳಿದ. ಕೊನೆಗೆ ಒಂದೇ ಮಾತು ಕೇಳಿದ: ‘ಇದು ಸ್ಟೇಶನ್ನಿನಲ್ಲಿ ಇರೋರಿಗೂ ಗೊತ್ತಾ?’

ಅವನ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಕಾನೂನು ಪುಸ್ತಕದಲ್ಲಿ ಏನಿದೆ ಅನ್ನುವುದಕ್ಕಿಂತ, ರಾತ್ರಿ ಹನ್ನೊಂದೂವರೆಗೆ ಡ್ಯೂಟಿಯಲ್ಲಿರುವ ಆ ಒಬ್ಬ ಮನುಷ್ಯ ತನ್ನ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಅನ್ನುವುದು ಅವನಿಗೆ ದೊಡ್ಡದು. ಆ ಮನುಷ್ಯ ಯಾರು ಅಂತಲೇ ಅವನಿಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ನಮ್ಮ ಕರಾವಳಿಯ ಮಕ್ಕಳು ಪೊಲೀಸರನ್ನು ಮೊದಲು ನೋಡುವುದು ಎಲ್ಲಿ ಅಂತ ಯೋಚಿಸಿ. ಹೆದ್ದಾರಿಯಲ್ಲಿ ಹೆಲ್ಮೆಟ್ ತಪಾಸಣೆ. ಗಣಪತಿ ಬಿಡುವ ದಿನ ಡಿಜೆ ನಿಲ್ಲಿಸಲು ಬಂದ ಜೀಪು. ಗಡಿಯ ಮಾಜಾಳಿ ಗೇಟಿನಲ್ಲಿ ಗೋವಾದಿಂದ ಬರುವ ಬಸ್ಸು ಹತ್ತಿ ಬ್ಯಾಗ್ ತೆರೆಸುವ ಕೈಗಳು. ಖಾಕಿ ತೊಟ್ಟವರು ಪೊಲೀಸರೋ ಅಬಕಾರಿಯವರೋ ಅಂತ ಮಕ್ಕಳಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಬೈಗುಳ ಮಾತ್ರ ನೆನಪಿರುತ್ತದೆ.

ಇನ್ನು ದೊಡ್ಡ ಗಾಯಗಳೂ ಇವೆ. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಒಬ್ಬ ಯುವಕನ ಸಾವಿನ ನಂತರ ಕುಮಟಾ, ಶಿರಸಿಯವರೆಗೂ ಗಲಾಟೆ ಹಬ್ಬಿತ್ತು. ಕಲ್ಲು, ಬೆಂಕಿ, ಲಾಠಿ. ಆ ಮೇಲೆ ಎಷ್ಟೋ ಹುಡುಗರು ಕೇಸು ಹೊತ್ತು ಕೋರ್ಟಿಗೆ ಅಲೆದರು. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯ ಬಂದರು ವಿಸ್ತರಣೆಗೆ ಟಾಗೋರ್ ಕಡಲತೀರದಲ್ಲಿ ಕೆಲಸ ಶುರುವಾದಾಗ ಮೀನುಗಾರರು ಬೀದಿಗಿಳಿದರು, ಹೆಂಗಸರು ಸಮುದ್ರಕ್ಕೇ ಇಳಿದು ನಿಂತರು. ಪೊಲೀಸರು ಜನರನ್ನು ಹಿಡಿದು ವ್ಯಾನಿಗೆ ಹತ್ತಿಸಿದರು. ಆಗ ನನ್ನ ಎಂಟನೇ ಕ್ಲಾಸಿನಲ್ಲಿದ್ದ ಒಬ್ಬಳು ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ. ಬಂದ ಮೇಲೆ ಹೇಳಿದ್ದು: ‘ಅಮ್ಮನ ಕೈ ಹಿಡಿದು ಎಳೆದಿದ್ದು ಲೇಡಿ ಪೊಲೀಸ್. ನಂಗೆ ದೊಡ್ಡವಳಾದ್ಮೇಲೆ ಪೊಲೀಸ್ ಆಗ್ಬೇಕು ಅಂತಿತ್ತು.’ ಆ ಲೇಡಿ ಪೊಲೀಸ್ ಮಾಡಿದ್ದು ತನಗೆ ಕೊಟ್ಟ ಕೆಲಸ ಇರಬಹುದು. ಆದರೆ ಅದಕ್ಕೆ ಮೊದಲು ಆ ಹುಡುಗಿಗೆ ಒಬ್ಬರಾದರೂ ಪೊಲೀಸ್ ಅಕ್ಕ ಪರಿಚಯ ಇದ್ದಿದ್ದರೆ ಎಷ್ಟು ಬೇರೆ ಇರುತ್ತಿತ್ತು ಅನಿಸುತ್ತದೆ.

ಮಳೆ ಬಂದ ಶನಿವಾರ

ನಮ್ಮ ಶಾಲೆಗೆ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ ಬಂದಾಗ ಅದಕ್ಕಾಗಿಯೇ ನಾನು ಖುಷಿಯಿಂದ ಜವಾಬ್ದಾರಿ ಹೊತ್ತುಕೊಂಡೆ. ಇದು ಮೊದಲು ಶುರುವಾದದ್ದು ಕೇರಳದಲ್ಲಿ, 2010ರಲ್ಲಿ. ಪಿ. ವಿಜಯನ್ ಎಂಬ ಐಪಿಎಸ್ ಅಧಿಕಾರಿಯ ಮುತುವರ್ಜಿಯಿಂದ ಬೆಳೆದ ಕೆಲಸ. ಅಲ್ಲಿ ಶಾಲೆಯ ಮಾಸ್ತರರಿಗೇ ತರಬೇತಿ ಕೊಟ್ಟು ಸಮುದಾಯ ಪೊಲೀಸ್ ಅಧಿಕಾರಿ ಅಂತ ಮಾಡುತ್ತಾರೆ, ಹತ್ತಿರದ ಠಾಣೆಯಿಂದ ಡ್ರಿಲ್ ಹೇಳಿಕೊಡುವವರು ಬರುತ್ತಾರೆ. 2018ರ ಜುಲೈನಲ್ಲಿ ಕೇಂದ್ರ ಗೃಹ ಇಲಾಖೆ ಇದನ್ನು ದೇಶಕ್ಕೆಲ್ಲ ತಂದಿತು. ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು, ಪರೀಕ್ಷೆ ಇಲ್ಲ, ಪಠ್ಯಪುಸ್ತಕ ಇಲ್ಲ, ಪ್ರತಿ ಶಾಲೆಗೆ 50,000 ರೂಪಾಯಿ. ರಸ್ತೆ ಸುರಕ್ಷತೆ, ಹೆಣ್ಣುಮಕ್ಕಳ ರಕ್ಷಣೆ, ವಿಪತ್ತು ಬಂದಾಗ ಏನು ಮಾಡಬೇಕು, ಇವೆಲ್ಲ ಪಾಠದ ವಿಷಯ. ಆದರೆ ರಾಷ್ಟ್ರೀಯ ಯೋಜನೆಯಲ್ಲಿ ಹೇಳಿರುವುದು ತಿಂಗಳಿಗೆ ಒಂದೇ ಕ್ಲಾಸ್. ತಿಂಗಳಿಗೊಮ್ಮೆ ಕಂಡವರ ಮುಖ ನೆನಪಿಡುವುದೇ ಮಕ್ಕಳಿಗೆ ಕಷ್ಟ.

ನಮ್ಮ ಅದೃಷ್ಟ, ಶಾಲೆಗೆ ಬಂದ ಹವಾಲ್ದಾರರು ಅಷ್ಟಕ್ಕೆ ನಿಲ್ಲುವವರಲ್ಲ. ಬಾಗಲಕೋಟೆ ಕಡೆಯವರು. ಬಂದೋಬಸ್ತ್ ಇಲ್ಲದ ಶನಿವಾರಗಳಲ್ಲೆಲ್ಲ ಬರುತ್ತಿದ್ದರು. ಮಕ್ಕಳ ಮನೆಮಾತು ಕೊಂಕಣಿ, ಅವರದು ಗಟ್ಟಿ ಬಯಲುಸೀಮೆ ಕನ್ನಡ. ‘ಜೇವ್ಲೊ ರೇ?’ (ಊಟ ಆಯ್ತೇನೋ?) ಅಂತ ಕೇಳಲು ಕಲಿತುಕೊಂಡು ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಒಂದು ಶನಿವಾರ ಪರೇಡ್ ಶುರುವಾದ ಹತ್ತೇ ನಿಮಿಷಕ್ಕೆ ಮಳೆ ಹೊಡೆಯಿತು. ಎಲ್ಲರೂ ಓಡಿ ಬಂದು ಶಾಲೆಯ ಜಗಲಿ ಸೇರಿದರು. ಹವಾಲ್ದಾರರು ಕಂಬಕ್ಕೆ ಒರಗಿ ಕೂತರು. ಒದ್ದೆಯಾದ ಟೋಪಿ ತೆಗೆದು ಮೊಣಕಾಲ ಮೇಲೆ ಬೋರಲು ಹಾಕಿದರು. ಟೋಪಿ ಕೂರುವ ಕಡೆ ಹಣೆಯ ಮೇಲೆ ಕೆಂಪು ಗೆರೆ ಮೂಡಿತ್ತು, ಅದರ ಮೇಲೆ ಕೂದಲು ತೆಳ್ಳಗಾಗಿತ್ತು. ಟೋಪಿ ಇಲ್ಲದ ಪೊಲೀಸನ್ನು ಅಷ್ಟು ಹತ್ತಿರದಿಂದ ಮಕ್ಕಳು ನೋಡಿರಲಿಲ್ಲ. ಒಬ್ಬ ಪುಟ್ಟ ಹುಡುಗ ಅವರ ಸೀಟಿಯ ಹಗ್ಗ ಹಿಡಿದು ಹೆಣಿಗೆ ಹೇಗಿದೆ ಅಂತ ನೋಡುತ್ತಿದ್ದ, ಬಲೆ ಹೆಣೆಯುವ ಮನೆಯವನು. ಹೀಗೇ ಮಾತು ನಡೆದಿತ್ತು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: ‘ಸರ್, ನೀವು ಯಾರಿಗಾದ್ರೂ ಹೊಡ್ದಿದೀರಾ?’

ಜಗಲಿ ಪೂರ್ತಿ ತಣ್ಣಗಾಯಿತು. ನಾನು ಅವಳನ್ನು ಗದರಿಸಲು ಹೊರಟೆ. ಹವಾಲ್ದಾರರು ಕೈಯೆತ್ತಿ ‘ಇರ್ಲಿ ಬಿಡ್ರಿ ಅಕ್ಕೋರ’ ಅಂದರು. ಆಮೇಲೆ ಅವಳ ಕಡೆ ತಿರುಗಿ ಹೇಳಿದರು: ‘ಹೊಡದೇನಿ ತಂಗಿ. ಹೊಸದಾಗಿ ನೌಕರಿಗೆ ಸೇರಿದ್ದೆ. ಜಾತ್ರಿ ಬಂದೋಬಸ್ತ್. ಗದ್ಲದಾಗ ಒಬ್ಬ ಹುಡುಗ ಓಡಾಕತ್ತಿದ್ದ. ನಿಲ್ಲು ಅಂದ್ರೂ ನಿಲ್ಲಲಿಲ್ಲ, ಕಾಲಿಗೆ ಒಂದು ಕೊಟ್ಟೆ. ಅಂವನ ತಂಗಿ ಕಳದಿದ್ಲಂತ, ಹುಡುಕಾಕ ಓಡಾಕತ್ತಿದ್ದ. ಆಮ್ಯಾಲ ಗೊತ್ತಾತು.’ ‘ಸಿಕ್ಳಾ ಸರ್?’ ಅಂತ ನಾಲ್ಕೈದು ಜನ ಒಟ್ಟಿಗೇ ಕೇಳಿದರು. ‘ಸಿಕ್ಳು. ನಾವ ಹುಡುಕಿ ಕೊಟ್ವಿ.’ ಹುಡುಗಿ ಬಿಡಲಿಲ್ಲ. ‘ಅವ್ನಿಗೆ ಸಾರಿ ಕೇಳಿದ್ರಾ?’ ‘ಇಲ್ಲ ತಂಗಿ. ಕೇಳಬೇಕಾಗಿತ್ತು.’

ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಒಂದು ತರಗತಿ ಒಬ್ಬ ದೊಡ್ಡವರನ್ನು ಒಪ್ಪಿಕೊಳ್ಳುವ ಕ್ಷಣ ಯಾವುದು ಅಂತ ನನಗೆ ಗೊತ್ತಾಗುತ್ತದೆ. ಅವತ್ತು ಅದು ಆಯಿತು. ಮುಂದಿನ ವಾರದಿಂದ ಪ್ರಶ್ನೆಗಳೇ ಬೇರೆ. ಹದಿನೆಂಟಾಗದವನು ಸ್ಕೂಟಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ದಂಡ ಹೌದಾ? (ಹೌದು, 2019ರಿಂದ.) ಪೊಲೀಸರು ರಾತ್ರಿ ಮಲಗುವುದಿಲ್ವಾ? ಸ್ಟೇಶನ್ನಿನ ಕೋಣೆಯಲ್ಲಿ ಮಕ್ಕಳನ್ನೂ ಹಾಕ್ತಾರಾ? ಕೊನೆಯ ಪ್ರಶ್ನೆಗೆ ಅವರು ಬಹಳ ಹೊತ್ತು ಕೂತು ಉತ್ತರ ಹೇಳಿದರು. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಹದಿನೆಂಟರ ಒಳಗಿನವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಪ್ರತಿ ಠಾಣೆಯಲ್ಲಿ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಎಎಸ್‌ಐ ದರ್ಜೆಗಿಂತ ಕಡಿಮೆ ಇರಬಾರದು. ಮಕ್ಕಳ ಜೊತೆ ಮಾತಾಡುವಾಗ ಅವರು ಯೂನಿಫಾರ್ಮ್ ಹಾಕದೆ ಸಾದಾ ಬಟ್ಟೆಯಲ್ಲಿರಬೇಕು ಅಂತ ನಿಯಮವಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ನಮ್ಮ ಶಾಲೆಯ ಸಿಬ್ಬಂದಿಗೂ ಇದರಲ್ಲಿ ಅರ್ಧ ಹೊಸದು.

ಹೇಳಿದ ಮಾತು ಎಲ್ಲಿಗೆ ಹೋಗುತ್ತದೆ

ಅದೇ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಜಾಸ್ತಿ ಮಾತಾಡುವವನಲ್ಲ. ಒಂದು ದಿನ ಎಲ್ಲರೂ ಹೋದ ಮೇಲೆ ಹವಾಲ್ದಾರರ ಹತ್ತಿರ ಬಂದು ನಿಂತ. ‘ಸರ್, ಗೋವಾದಿಂದ ಬಾಟ್ಲಿ ತಂದ್ರೆ ಜೈಲಿಗೆ ಹಾಕ್ತಾರಾ? ಬೈಕಲ್ಲಿ ತಂದ್ರೆ?’ ಅಂದ. ಅವನು ಯಾರಿಗಾಗಿ ಕೇಳುತ್ತಿದ್ದಾನೆ ಅಂತ ನನಗೆ ಹೊಳೆಯಿತು. ಹವಾಲ್ದಾರರಿಗೂ ಹೊಳೆದಿರಬೇಕು. ನಮ್ಮ ಗಡಿಯ ಊರುಗಳಲ್ಲಿ ಇದು ಗುಟ್ಟಿನ ವಿಷಯ ಅಲ್ಲ. ರಾತ್ರಿ ಒಂದು ಟ್ರಿಪ್ ಹೋಗಿ ಬಂದರೆ ಕೈಗೆ ದುಡ್ಡು ಕೊಡುವವರಿದ್ದಾರೆ, ಸಿಕ್ಕಿಬಿದ್ದರೆ ಒಳಗೆ ಹೋಗುವುದು ಹುಡುಗ ಮಾತ್ರ. ಹವಾಲ್ದಾರರು ಕಾನೂನು ಹೇಗಿದೆ ಅಂತ ಹೇಳಿದರು. ಬೈಕೂ ಜಪ್ತಿಯಾಗುತ್ತದೆ ಅಂದರು. ಇವತ್ತು ನಿಲ್ಲಿಸಿದವನ ಬೆನ್ನಿಗೆ ಯಾರೂ ಬೀಳುವುದಿಲ್ಲ, ಕೆಲಸ ಬೇಕಿದ್ದರೆ ಐಟಿಐ ಅರ್ಜಿ ಬಗ್ಗೆ ತಾನು ವಿಚಾರಿಸಿ ಹೇಳುತ್ತೇನೆ ಅಂದರು. ಯಾರು, ಏನು, ಯಾವಾಗ ಅಂತ ಒಂದೂ ಕೇಳಲಿಲ್ಲ. ಹುಡುಗ ತಲೆಯಾಡಿಸಿ ಹೋದ. ಆಮೇಲೆ ನನಗೆ ಹೇಳಿದರು: ‘ಕೇಳಿದ್ರ ಹೇಳತಿದ್ದ ಅಕ್ಕೋರ. ಅದಕ್ಕ ಕೇಳಲಿಲ್ಲ.’

ಪೊಲೀಸ್ ಮತ್ತು ಮಕ್ಕಳ ಸ್ನೇಹದ ಬಗ್ಗೆ ಮಾತಾಡುವಾಗ ನಾವು ಇದನ್ನು ಬಿಟ್ಟುಬಿಡುತ್ತೇವೆ. ಪೊಲೀಸರ ಕೆಲಸವೇ ಮಾಹಿತಿ ತೆಗೆಯುವುದು. ಹದಿನಾಲ್ಕು ವರ್ಷದ ಹುಡುಗನಿಗೆ ಅಣ್ಣನೇ ಸರ್ವಸ್ವ. ಅವನ ಬಾಯಿಂದ ಅಣ್ಣನ ಹೆಸರು ತೆಗೆದರೆ ಒಂದು ಕೇಸು ಸಿಗುತ್ತದೆ. ಅದರ ಜೊತೆಗೆ ಆ ಹುಡುಗ, ಅವನ ಕೇರಿ, ಅವನ ಬೋಟಿನ ಗೆಳೆಯರು, ಎಲ್ಲರೂ ಹತ್ತು ವರ್ಷಕ್ಕೆ ಕೈತಪ್ಪಿ ಹೋಗುತ್ತಾರೆ. ಮಾರ್ಗದರ್ಶನಕ್ಕೆ ಅಂತ ಬರುವ ಪೊಲೀಸರನ್ನು ಆ ಹುಡುಗರ ಮೇಲಿನ ತನಿಖೆಗೆ ಹಾಕಬಾರದು, ಅವರಿಂದ ಸುದ್ದಿ ತರಿಸಿಕೊಳ್ಳಬಾರದು ಅಂತ ಮೇಲಿನವರು ಬರವಣಿಗೆಯಲ್ಲೇ ಹೇಳಬೇಕು. ನಮ್ಮ ಹವಾಲ್ದಾರರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ಮನಸ್ಸೇ ಹಾಗಿತ್ತು. ಎಲ್ಲರಿಗೂ ಹಾಗಿರಬೇಕು ಅಂತ ಏನಿಲ್ಲ, ಅಲ್ವಾ?

ಆದರೆ ಎಲ್ಲವನ್ನೂ ಮುಚ್ಚಿಟ್ಟುಕೊಳ್ಳಲೂ ಆಗುವುದಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ಯಾರೋ ಇನ್‌ಸ್ಟಾಗ್ರಾಮಿನಲ್ಲಿ ಅವಳ ಫೋಟೋ ತಿದ್ದಿ ಕಳಿಸಿ ಹೆದರಿಸುತ್ತಿದ್ದರು. ನನಗೆ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ಶಾಲೆಗೆ ಒಮ್ಮೆ ಬಂದು ಹೋಗಿದ್ದ ಮಹಿಳಾ ಕಾನ್‌ಸ್ಟೆಬಲ್‌ಗೆ ಹೇಳಿದಳು. ಅವರು ವಯಸ್ಸಿನಲ್ಲಿ ಚಿಕ್ಕವರು, ಅಕ್ಕನ ಹಾಗೆ ಕಂಡಿರಬೇಕು. ಹೇಳುವ ಮೊದಲು ‘ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ’ ಅಂದಳಂತೆ. ಆ ಕಾನ್‌ಸ್ಟೆಬಲ್ ಆಣೆ ಮಾಡಲಿಲ್ಲ. ‘ಕೆಲವು ವಿಷಯ ನಾನು ಹೇಳಲೇಬೇಕಾಗ್ತದೆ ಪುಟ್ಟಾ, ಆದ್ರೆ ನಿನಗೆ ಮೊದ್ಲು ತಿಳಿಸಿಯೇ ಮುಂದೆ ಹೋಗ್ತೇನೆ’ ಅಂದರಂತೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಮೇಲೆ ಸುಮ್ನೆ ಇರುವಂತಿಲ್ಲ, ಪೋಕ್ಸೋ ಕಾಯ್ದೆಯಲ್ಲಿ ದೂರು ಕೊಡುವುದು ಕಡ್ಡಾಯ. ಹುಡುಗಿ ಆದರೂ ಹೇಳಿದಳು. ಯಾಕೆಂದರೆ ಎದುರಿಗಿದ್ದವರು ಸುಳ್ಳು ಭರವಸೆ ಕೊಡಲಿಲ್ಲ. ಏನನ್ನು ತನ್ನಲ್ಲೇ ಇಟ್ಟುಕೊಳ್ಳಬಲ್ಲೆ, ಏನನ್ನು ಇಟ್ಟುಕೊಳ್ಳಲಾರೆ ಅಂತ ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಬೇಕು. 1098, 112, ಸೈಬರ್ ದೂರಿಗೆ 1930, ಈ ನಂಬರುಗಳನ್ನು ಗೋಡೆ ಮೇಲೆ ಬರೆಸಿದ್ದೇವೆ, ಬರೆಸಲೇಬೇಕು. ಆದರೆ ಹೆದರಿದ ಮಗು ನಂಬರಿಗಿಂತ ಗುರುತಿನ ಮುಖ ಹುಡುಕುತ್ತದೆ.

ಪರೇಡಿಗೆ ಬಾರದವರು

ಮುಂದಿನ ವರ್ಷ ಹವಾಲ್ದಾರರಿಗೆ ವರ್ಗ ಆಯಿತು. ಘಟ್ಟದ ಮೇಲಿನ ಒಂದು ಠಾಣೆಗೆ ಹೋದರು. ಬೇರೊಬ್ಬರು ಬಂದರು, ಡ್ರಿಲ್ ಚೆನ್ನಾಗಿಯೇ ಮಾಡಿಸಿದರು. ಸ್ವಲ್ಪ ದಿನಕ್ಕೆ ಅವರೂ ಬರುವುದು ನಿಂತಿತು. ಸಿಬ್ಬಂದಿ ಕಡಿಮೆ, ಬಂದೋಬಸ್ತ್ ಜಾಸ್ತಿ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ವಾರದ ರಜೆಯೇ ಸರಿಯಾಗಿ ಸಿಗದವರನ್ನು ಶಾಲೆಗೂ ಬನ್ನಿ ಅಂದರೆ ಹೇಗೆ? ಆದರೆ ‘ಸರ್ ಯಾವಾಗ ಬರ್ತಾರೆ’ ಅಂತ ಕೇಳುವ ಮಕ್ಕಳಿಗೆ ನಾನು ಹೇಳಬೇಕಲ್ಲ. ಆ ಬಾಟ್ಲಿಯ ಹುಡುಗ ಮಾತ್ರ ಕೇಳಲಿಲ್ಲ. ಐಟಿಐ ಮಾತು ಅಲ್ಲಿಗೇ ನಿಂತಿತ್ತು. ಅದನ್ನು ನಾನೇ ಮುಂದುವರಿಸಿದೆ, ಆದರೂ ಪೊಲೀಸ್ ಅಂದರೆ ಅರ್ಧಕ್ಕೆ ಬಿಟ್ಟು ಹೋಗುವವರು ಅಂತ ಅವನ ಮನಸ್ಸಿನಲ್ಲಿ ಕೂತಿದ್ದರೆ ತಪ್ಪು ಅವನದಲ್ಲ.

ಅಮೆರಿಕದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಅನ್ನುವ ಹಳೆಯ ಸಂಸ್ಥೆಯಿದೆ. ಮಕ್ಕಳಿಗೆ ಒಬ್ಬೊಬ್ಬ ದೊಡ್ಡವರನ್ನು ಜೊತೆ ಮಾಡಿಕೊಡುತ್ತದೆ, ಈಚೆಗೆ ಅದರಲ್ಲಿ ಪೊಲೀಸರೂ ಸೇರಿದ್ದಾರೆ. ಅಲ್ಲಿನ ಮಕ್ಕಳ ಬಗ್ಗೆ 2002ರಲ್ಲಿ ಒಂದು ಅಧ್ಯಯನ ಬಂತು. ವರ್ಷಕ್ಕಿಂತ ಹೆಚ್ಚು ಉಳಿದ ಸಂಬಂಧಗಳಿಂದ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಲಾಭ ಆಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳಿಗೆ ತಮ್ಮ ಮೇಲೆ ಇದ್ದ ವಿಶ್ವಾಸವೇ ಮೊದಲಿಗಿಂತ ಕಡಿಮೆ ಆಗಿತ್ತು. ಅದೇ ದೇಶದಲ್ಲಿ 1983ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಡೇರ್ ಅಂತ ಒಂದು ಕಾರ್ಯಕ್ರಮ ಶುರುವಾಗಿತ್ತು. ಯೂನಿಫಾರ್ಮಿನ ಪೊಲೀಸರು ತರಗತಿಗೆ ಬಂದು ಡ್ರಗ್ಸ್ ಕೆಟ್ಟದ್ದು ಅಂತ ಪಾಠ ಹೇಳುವುದು. ದೇಶದ ತುಂಬ ಹಬ್ಬಿತು, ಅಪ್ಪ ಅಮ್ಮಂದಿರಿಗೂ ಬಹಳ ಇಷ್ಟವಾಯಿತು. ಆಮೇಲೆ ಒಂದರ ಹಿಂದೆ ಒಂದು ಅಧ್ಯಯನ ಮಾಡಿ ನೋಡಿದರೆ ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಡ್ರಗ್ಸ್ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ನಮ್ಮಲ್ಲೂ ಗಾಂಜಾ ಬಗ್ಗೆ ಜಾಗೃತಿ ಜಾಥಾ ಮಾಡುತ್ತೇವೆ, ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತೇವೆ. ಆ ದಿನದ ಜಾಥಾಕ್ಕಿಂತ ಆ ಮಳೆಯ ಜಗಲಿಯೇ ಹೆಚ್ಚು ಕೆಲಸ ಮಾಡಿತು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ನನ್ನ ಇನ್ನೊಂದು ಚಿಂತೆ ಇದಕ್ಕಿಂತ ದೊಡ್ಡದು. ಕೆಡೆಟ್ ಗುಂಪಿಗೆ ಯಾರು ಬರುತ್ತಾರೆ? ಚೆನ್ನಾಗಿ ಓಡುವವರು, ಶಿಸ್ತಿನವರು, ಅಪ್ಪ ಅಮ್ಮ ಸಹಿ ಮಾಡಿ ಕಳಿಸಿದವರು. ಆಯ್ಕೆ ಮಾಡುವವರು ನಾವೇ, ಮಾಸ್ತರು ಅಕ್ಕೋರುಗಳು. ಪೊಲೀಸರ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇರುವ ಮಕ್ಕಳಿಗೆ ಇನ್ನಷ್ಟು ಒಳ್ಳೆಯ ಅಭಿಪ್ರಾಯ ಬರುತ್ತದೆ. ಜೀಪು ಕಂಡೊಡನೆ ಕೋಡಿಬಾಗದ ಅಡ್ಡರಸ್ತೆಗೆ ಬೈಕ್ ತಿರುಗಿಸುವ ಹುಡುಗ ಈ ಲೆಕ್ಕದಲ್ಲೇ ಇಲ್ಲ. ಅವನು ಒಂಬತ್ತಕ್ಕೆ ಶಾಲೆ ಬಿಟ್ಟಿರುತ್ತಾನೆ, ಇಲ್ಲವೇ ಹತ್ತು ಮುಗಿಸಿ ಬೋಟಿಗೆ ಹೋಗಿರುತ್ತಾನೆ. ಯೋಜನೆ ಒಂಬತ್ತನೇ ಕ್ಲಾಸಿಗೆ ಮುಗಿಯುತ್ತದೆ. ಪೊಲೀಸರ ಜೊತೆ ನಿಜವಾದ ತಿಕ್ಕಾಟ ಶುರುವಾಗುವುದೇ ಅದರ ನಂತರ, ಹದಿನಾರರಿಂದ ಇಪ್ಪತ್ತೆರಡರವರೆಗೆ.

ಈ ಹುಡುಗರಿಗೆ ಬೇಕಾದದ್ದು ಹೆಸರು, ಮುಖ, ಫೋನ್ ನಂಬರ್ ಗೊತ್ತಿರುವ ಒಬ್ಬ ಪೊಲೀಸ್. ಎಸ್‌ಪಿ ಸಾಹೇಬರಾಗಲಿ ಪಿಎಸ್‌ಐ ಆಗಲಿ ಬೇಕಿಲ್ಲ, ಅವರು ಬರುತ್ತಾರೆ ಹೋಗುತ್ತಾರೆ. ಠಾಣೆಯ ಮುಖ್ಯಸ್ಥರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಅವಕಾಶ ಇರಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ನಮ್ಮ ಕೇರಿಯ ಕಾನ್‌ಸ್ಟೆಬಲ್ ವಿಷಯದಲ್ಲೂ ಯಾರಾದರೂ ಹಾಗೆ ಹೇಳಬೇಕಿತ್ತು. ಕರ್ನಾಟಕದಲ್ಲಿ 2017ರಿಂದ ಹೊಸ ಬೀಟ್ ವ್ಯವಸ್ಥೆ ಇದೆ. ಒಬ್ಬೊಬ್ಬ ಕಾನ್‌ಸ್ಟೆಬಲ್, ಹವಾಲ್ದಾರರಿಗೆ ಇಂತಿಷ್ಟು ಊರು, ಕೇರಿ ಅಂತ ಹಂಚಿರುತ್ತಾರೆ. 2025ರಲ್ಲಿ ಮನೆ ಮನೆಗೆ ಪೊಲೀಸ್ ಅಂತಲೂ ಶುರುವಾಗಿದೆ. ಅಂದರೆ ಆ ಒಬ್ಬ ಮನುಷ್ಯ ಕಾಗದದ ಮೇಲೆ ಈಗಾಗಲೇ ಇದ್ದಾನೆ. ಶಾಲೆಯ ಕೆಡೆಟ್ ಗುಂಪಿಗೂ ಅವರೇ ಬರಲಿ, ಮಕ್ಕಳು ಶಾಲೆ ಬಿಟ್ಟ ಮೇಲೂ ಅದೇ ಕೇರಿಯಲ್ಲಿ ಅವರೇ ಸಿಗಲಿ. ಮಕ್ಕಳ ಜೊತೆ ಕಳೆದ ಗಂಟೆಗಳನ್ನು ಡ್ಯೂಟಿ ಅಂತಲೇ ಬರೆದುಕೊಳ್ಳಲಿ. ವರ್ಗ ಆದರೆ, ಹೊಸಬರನ್ನು ಹಳಬರೇ ಕರೆತಂದು ಹುಡುಗರಿಗೆ ಪರಿಚಯ ಮಾಡಿಸಿ ಹೋಗಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಇದು ಆಗದ ಮಾತಲ್ಲ. 2024ರ ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಮೇಲೆ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತಲ್ಲ, ಆಗ ಚಾಲಕನನ್ನು ಬದುಕಿಸಿದ್ದು ಇಲ್ಲಿನ ಮೀನುಗಾರರು ಮತ್ತು ಪೊಲೀಸರು ಸೇರಿಯೇ. ಆ ಕತ್ತಲಲ್ಲಿ ಹೊಳೆಯ ಸೆಳೆತ ಗೊತ್ತಿದ್ದವರು ದೋಣಿಯವರು. ಅವತ್ತು ಯಾರೂ ಯಾರಿಗೂ ಹೆದರಿ ಓಡಲಿಲ್ಲ. ಅನಾಹುತ ಆಗದ ದಿನಗಳಲ್ಲೂ ಅಂಥ ಒಡನಾಟ ಇರಬೇಕು ಅಂತಷ್ಟೇ ನಾನು ಕೇಳುತ್ತಿರುವುದು.

ಬೋಟ್ ದಡದಲ್ಲಿರುವ ಎರಡು ತಿಂಗಳು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಅರವತ್ತೊಂದು ದಿನ ಬೋಟುಗಳು ಬಂದರಿನಲ್ಲಿ ಕಟ್ಟಿಹಾಕಿರುತ್ತವೆ. ಹುಡುಗರಿಗೆ ಕೆಲಸ ಇಲ್ಲ, ಕೈಯಲ್ಲಿ ದುಡ್ಡಿಲ್ಲ, ಹೊರಗೆ ಜಡಿಮಳೆ. ಗೋವಾ ಟ್ರಿಪ್ಪಿಗೆ ಕರೆಯುವವರು ಬರುವುದೂ ಆಗಲೇ. ಮಾತಾಡಿಸಬೇಕಾದರೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಈ ಸಲ ನಾವು ಕೆಲವರು, ಶಾಲೆಯ ಇಬ್ಬರು ಸಹೋದ್ಯೋಗಿಗಳು, ಮೀನು ಮಾರುವ ಮಹಿಳಾ ಸಂಘದವರು, ಮೀನುಗಾರರ ಸೊಸೈಟಿಯ ಹಿರಿಯರು, ಸೇರಿ ಒಂದು ಅರ್ಜಿ ಬರೆದೆವು. ನಿಷೇಧದ ಅವಧಿಯಲ್ಲಿ ಪ್ರತಿ ಭಾನುವಾರ ಸಂಜೆ ಬೀಟ್ ಕಾನ್‌ಸ್ಟೆಬಲ್ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಸಾದಾ ಬಟ್ಟೆಯಲ್ಲಿ ಬರಲಿ. ಮೊದಲ ನಾಲ್ಕು ವಾರ ಭಾಷಣ ಬೇಡ, ಕಬಡ್ಡಿ, ಕೇರಂ, ಚಹಾ ಸಾಕು. ಆಮೇಲೆ ಹುಡುಗರೇ ಕೇಳಿದರೆ ವೆರಿಫಿಕೇಶನ್ ಹೇಗಾಗುತ್ತದೆ, ಅಪಘಾತದಲ್ಲಿ ನೆರವಾದವರಿಗೆ ಏನು ರಕ್ಷಣೆ ಇದೆ ಅಂತ ಹೇಳಲಿ. ಹುಡುಗರೂ ತಮಗೆ ರಸ್ತೆಯಲ್ಲಿ ಆದ ಅನುಭವ ಹೇಳಲಿ, ಪೊಲೀಸರು ಅದನ್ನು ಕೇಳಿಸಿಕೊಳ್ಳಲಿ.

ಅರ್ಜಿ ಹಿಡಿದು ಸೊಸೈಟಿಯ ಹಿರಿಯರ ಜೊತೆ ಠಾಣೆಗೆ ಹೋದೆ. ಪಿಎಸ್‌ಐ ಹೊಸಬರು, ಚಿಕ್ಕ ವಯಸ್ಸಿನವರು. ಪೂರ್ತಿ ಓದಿದರು. ‘ಒಳ್ಳೇ ಯೋಚನೆ ಮೇಡಂ. ಬರೋ ಹುಡುಗರ ಪಟ್ಟಿ ಕೊಡಿ, ಹೆಸರು, ಅಪ್ಪನ ಹೆಸರು, ಮೊಬೈಲ್ ನಂಬರ್’ ಅಂದರು. ‘ಪಟ್ಟಿ ಕೊಟ್ರೆ ಒಬ್ಬನೂ ಬರೋದಿಲ್ಲ ಸರ್’ ಅಂದೆ. ಹಿರಿಯರು ‘ಬಂದವ್ರು ಬರ್ಲಿ ಸಾಹೇಬ್ರೇ, ನಾಲ್ಕು ಸಲ ಬಂದ ಮೇಲೆ ಅವ್ರೇ ಹೆಸರು ಹೇಳ್ತಾರೆ’ ಅಂದರು. ಪಿಎಸ್‌ಐ ಸ್ವಲ್ಪ ಹೊತ್ತು ಅರ್ಜಿಯನ್ನೇ ನೋಡುತ್ತ ಕೂತರು. ಪೆನ್ನು ತೆಗೆದು ಅಂಚಿನಲ್ಲಿ ಏನೋ ಬರೆದರು.

‘ಆಯ್ತು, ಪಟ್ಟಿ ಬೇಡ. ಮಳೆಗೆ ಎಲ್ಲಿ ಸೇರಿಸ್ತೀರಿ?’

ಸೊಸೈಟಿಯವರ ಬಲೆ ಇಡುವ ಶೆಡ್ ಇದೆ, ಒಂದು ಬದಿ ಖಾಲಿ ಮಾಡಿಸಿಕೊಡುತ್ತೇವೆ ಅಂತ ಹಿರಿಯರು ಹೇಳಿದರು. ಶೀಟು ಎರಡು ಕಡೆ ಸೋರುತ್ತದೆ. ಮೇ ತಿಂಗಳೊಳಗೆ ಹಾಕಿಸಬೇಕು.